ಓದುಗರ ಪ್ರಶ್ನೆ: ಬಾಯಿಗೆ ಬರುತ್ತೆ, ಕೈಗೆ ಬರಲ್ಲ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿರುವ ಬೆಂಗಳೂರಿನ ಪೋಷಕರು ಪ್ರಬಂಧ ಬರವಣಿಗೆ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಮಗಳಿಗೆ 14 ವರ್ಷ. ಹರಟೆಗೆ ಕೂತರೆ ಗಂಟೆಗಟ್ಟಲೆ ಮಾತಾಡುತ್ತಾಳೆ. ‘ಮಾರುಕಟ್ಟೆ’ ಬಗ್ಗೆ ಪ್ರಬಂಧ ಬರಿ ಅಂದರೆ ನಾಲ್ಕು ಸಾಲು ಬರೆದು ಪೆನ್ನು ಕೆಳಗಿಡುತ್ತಾಳೆ. ಏನು ಮಾಡಲಿ?
– ತಾಯಿ, ಬಸವನಗುಡಿ

ತಪ್ಪು ಮಗಳದಲ್ಲ, ಕೊಟ್ಟ ವಿಷಯದ್ದು. ‘ಮಾರುಕಟ್ಟೆ’ ಅನ್ನುವುದು ಗೋದಾಮಿನ ಬೋರ್ಡು ಇದ್ದ ಹಾಗೆ. ಒಳಗೆ ಏನಿದೆ ಅಂತ ಅದು ಹೇಳುವುದಿಲ್ಲ. ‘ಹಣ್ಣು, ಹೂವು, ತರಕಾರಿ ಸಿಗುತ್ತವೆ, ಜನಜಂಗುಳಿ ಇರುತ್ತದೆ’ ಎಂದು ಬರೆದ ಮೇಲೆ ನಿಜಕ್ಕೂ ಹೇಳಲು ಏನೂ ಉಳಿಯುವುದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಮತ್ತೆ ಬರೆಯುವುದು ಬೇಸರದ ಕೆಲಸ ಅನ್ನುವುದು ಹದಿಹರೆಯದವರಿಗೆ ನಮಗಿಂತ ಬೇಗ ತಿಳಿಯುತ್ತದೆ.

ಗಾಂಧಿ ಬಜಾರು ನಿಮಗೆ ನಡೆದು ಹೋಗುವಷ್ಟು ಹತ್ತಿರ. ಒಂದು ಪುಟ್ಟ ನೋಟ್‌ಬುಕ್ ಕೊಟ್ಟು ಅರ್ಧ ಗಂಟೆ ಕಳಿಸಿ. ಇಡೀ ಬಜಾರು ಬೇಡ, ಒಬ್ಬ ಹೂವಿನವರು ಸಾಕು. ಅಲ್ಲಿ ನಿಂತು 20 ಟಿಪ್ಪಣಿ ಮಾಡಿಕೊಳ್ಳಲಿ: ಕನಿಷ್ಠ ಐದರಲ್ಲಿ ಅಂಕಿ ಇರಬೇಕು (ದರ, ಎಣಿಕೆ, ಹೊತ್ತು), ಮೂರು ಕಿವಿಗೆ ಬಿದ್ದ ಮಾತು ಬಿದ್ದ ಹಾಗೇ ಇರಬೇಕು, ಉಳಿದದ್ದು ಕಣ್ಣಿಗೆ ಮೂಗಿಗೆ ಸಿಕ್ಕಿದ್ದು. ಪೂರ್ತಿ ವಾಕ್ಯ ಬೇಡ.

ಉದಾಹರಣೆಗೆ ಮೊಳ ಹಾಕುವುದನ್ನೇ ನೋಡಲಿ. ಮೊಳಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಎತ್ತರದ ಆಳಿನ ಮೊಳಕ್ಕೂ ಗಿಡ್ಡ ಅಜ್ಜಿಯ ಮೊಳಕ್ಕೂ ಎರಡು ಮೂರು ಅಂಗುಲ ವ್ಯತ್ಯಾಸ ಬರುತ್ತದೆ. ಆದರೂ ಯಾರೂ ಟೇಪು ತರುವುದಿಲ್ಲ. ಅಳೆದು ಮುಗಿದ ಮೇಲೆ ‘ಸ್ವಲ್ಪ ಕೊಸರು ಹಾಕಮ್ಮ’ ಎಂದು ಇನ್ನೊಂದು ಗೇಣಿಗೆ ಕೈಯೊಡ್ಡುತ್ತಾರೆ. ಇಷ್ಟು ಕಂಡವಳಿಗೆ ಪ್ರಶ್ನೆಯೂ ಸಿಕ್ಕಿತು: ತರಕಾರಿ ತಕ್ಕಡಿಯ ಮುಳ್ಳನ್ನು ಬಗ್ಗಿ ನೋಡುವ ನಾವು, ಹೂವಿಗೆ ಮಾತ್ರ ಮಾರುವವರ ತೋಳನ್ನೇ ಏಕೆ ಒಪ್ಪುತ್ತೇವೆ? ಇದು ಪ್ರಬಂಧದ ವಿಷಯ. ಮಾರುಕಟ್ಟೆ ಅದು ನಡೆಯುವ ಜಾಗ, ಅಷ್ಟೆ.

ಮನೆಗೆ ಬಂದ ಕೂಡಲೇ ಬರೆಯಲು ಕೂರಿಸಬೇಡಿ. ಬಜಾರಿಗೆ ಹೋಗದ ಒಬ್ಬರಿಗೆ ಐದು ನಿಮಿಷ ಬಾಯಲ್ಲಿ ಹೇಳಲಿ, ಫೋನಿನಲ್ಲಿ ರೆಕಾರ್ಡ್ ಆಗಲಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರೇ ಸರಿ, ಏಕೆಂದರೆ ಅಜ್ಜಿಯರು ನಡುವೆ ಬಾಯಿ ಹಾಕುತ್ತಾರೆ. ‘ಯಾವ ಹೂವು? ಮಲ್ಲಿಗೆಯೋ ಕಾಕಡವೋ?’ ಎಂದು ಅವರು ತಡೆದ ಜಾಗದಲ್ಲೆಲ್ಲ ಬರಹದಲ್ಲೂ ಒಂದು ಸಾಲು ಬೇಕು. ಮರುದಿನ ರೆಕಾರ್ಡಿಂಗ್ ಕೇಳಿ, 15 ನಿಮಿಷ ಪೆನ್ನೆತ್ತದೆ ಬರೆಯಲಿ. ಪೆನ್ಸಿಲ್ಲು ರಬ್ಬರು ಎತ್ತಿಡಿ. ತಪ್ಪಿದರೆ ಒಂದು ಗೆರೆ ಎಳೆದು ಮುಂದೆ ಹೋಗಲಿ, ಕಾಗುಣಿತ ಆಮೇಲೆ. ಮಗಳು ನಾಲ್ಕು ಸಾಲಿಗೆ ನಿಲ್ಲುತ್ತಿದ್ದುದಕ್ಕೆ ಇನ್ನೊಂದು ಕಾರಣ ಇಲ್ಲಿದೆ: ಬರೆಯುವುದು, ತಿದ್ದುವುದು ಎರಡೂ ಕೆಲಸ ಒಟ್ಟಿಗೆ ಮಾಡಲು ಹೋಗಿ ಐದನೇ ಸಾಲಿಗೆ ಸುಸ್ತಾಗುತ್ತಾಳೆ.

ಮೂರನೇ ದಿನ ಜೋಡಿಸುವ ಕೆಲಸ. ಮೊದಲ ಕರಡುಗಳು ಸಾಮಾನ್ಯವಾಗಿ ‘ನಾನು ಮನೆಯಿಂದ ಹೊರಟೆ, ರಸ್ತೆ ದಾಟಿದೆ’ ಎಂದು ಶುರುವಾಗುತ್ತವೆ. ಮೊದಲ ಪ್ಯಾರಾವನ್ನು ಅಂಗೈಯಿಂದ ಮುಚ್ಚಿ ಎರಡನೆಯದರಿಂದ ಓದಿಸಿ. ಅರ್ಥ ಕೆಡದಿದ್ದರೆ ಮೊದಲನೆಯದು ಬೇಡ. ಹತ್ತರಲ್ಲಿ ಏಳೆಂಟು ಸಲ ಬೇಡವಾಗಿಯೇ ಇರುತ್ತದೆ. 20 ಟಿಪ್ಪಣಿಯೂ ಪ್ರಬಂಧದೊಳಗೆ ಬರಲೇಬೇಕು ಎಂಬ ಹಟ ಬೇಡ, ಎಂಟು ಒಂಬತ್ತು ಬಂದರೆ ಚೆನ್ನ. ಮೊಳದ ಪ್ರಶ್ನೆಗೆ ಸಂಬಂಧವಿಲ್ಲದ ಬಾಳೆಹಣ್ಣಿನ ದರ ನೋಟ್‌ಬುಕ್ಕಿನಲ್ಲೇ ಇರಲಿ.

ಒಂದು ಕೂರುವಿಕೆಗೆ 40 ನಿಮಿಷ ದಾಟಬೇಡಿ. ತಿಂಗಳಿಗೆ ಎರಡು ಪ್ರಬಂಧ ಹೀಗೆ ಪೂರ್ತಿಯಾದರೆ ಧಾರಾಳ. ದಿನಕ್ಕೊಂದು ಬರೆಸುವ ಮನೆಗಳಲ್ಲಿ ಒಂದೂ ಎರಡನೇ ಕರಡು ಕಾಣುವುದಿಲ್ಲ.

ಮಗನ ಬರಹ ತಿದ್ದಿ ಕೊಟ್ಟರೆ ಪುಟವೆಲ್ಲ ಕೆಂಪು. ಈಗ ತೋರಿಸುವುದನ್ನೇ ಬಿಟ್ಟಿದ್ದಾನೆ. ತಪ್ಪನ್ನು ತಪ್ಪು ಅನ್ನಬಾರದೇ?
– ತಂದೆ, ರಾಜಾಜಿನಗರ

ಅನ್ನಬೇಕು, ಆದರೆ ಒಂದು ಸಲಕ್ಕೆ ಒಂದೇ ಜಾತಿಯ ತಪ್ಪನ್ನು. ಶಾಲೆಯಲ್ಲಾದರೆ ಮೇಷ್ಟ್ರು ಕೆಂಪು ಹಾಕಿದರೂ ಮನೆಗೆ ಬಂದರೆ ಅಪ್ಪ ಬೇರೆ. ನಿಮ್ಮಲ್ಲಿ ಎರಡೂ ಒಬ್ಬರೇ. ಹಾಗಾಗಿ ಕೆಂಪು ಗೆರೆ ಅವನಿಗೆ ಎರಡರಷ್ಟು ದಪ್ಪ ಕಾಣುತ್ತದೆ.

ಮೊದಲ ಓದಿಗೆ ಪೆನ್ನೇ ಹಿಡಿಯಬೇಡಿ. ಓದಿ ಮೂರೇ ಮಾತು ಹೇಳಿ: ಯಾವ ಸಾಲು ಮನಸ್ಸಿನಲ್ಲಿ ನಿಂತಿತು, ಎಲ್ಲಿ ಎಡವಿದಿರಿ, ಎಲ್ಲಿ ಇನ್ನಷ್ಟು ಬೇಕಿತ್ತು. ‘ಚೆನ್ನಾಗಿದೆ’ ಅನ್ನುವುದು ಲೆಕ್ಕಕ್ಕಿಲ್ಲ, ಅದು ಓದದೆಯೂ ಹೇಳಬಹುದಾದ ಮಾತು. ಒಂದು ದಿನ ಬಿಟ್ಟು ಎರಡನೇ ಓದು. ಈಗ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ, ಒಂದು ಜಾತಿಯ ತಪ್ಪಿಗೆ ಮಾತ್ರ ಚುಕ್ಕೆ ಇಡಿ. ಸಾಲಿನಲ್ಲಿ ಎಲ್ಲಿದೆ ಎಂದು ಅವನೇ ಹುಡುಕಲಿ.

ಯಾವುದು ಮೊದಲು? ನಮ್ಮ ಸಲಹೆ, ಕ್ರಿಯಾಪದ. ‘ಬೆಳಿಗ್ಗೆ ಕೆರೆ ಸುತ್ತ ಓಡಾಡುವ ಹಿರಿಯರು, ನಾಯಿ ಹಿಡಿದವರು, ಹಾಲಿನ ಹುಡುಗರು ಎಲ್ಲ ಕಾಣುತ್ತದೆ’ ಎಂಬಂಥ ವಾಕ್ಯದಲ್ಲಿ ಕರ್ತೃ ದೂರವಾದಷ್ಟೂ ಕ್ರಿಯಾಪದ ದಾರಿ ತಪ್ಪುತ್ತದೆ. ಗಟ್ಟಿಯಾಗಿ ಓದಿದರೆ ‘ಕಾಣುತ್ತಾರೆ’ ಎಂದು ಬಾಯಿಯೇ ತಿದ್ದುತ್ತದೆ. ಆಮೇಲೆ ಅಲ್ಪಪ್ರಾಣ, ಮಹಾಪ್ರಾಣ: ‘ವಿಧ್ಯಾರ್ಥಿ’, ‘ಉಚ್ಛಾರಣೆ’, ‘ಕನಿಷ್ಟ’ ಎಂದು ಬರೆಯುವವರು ದೊಡ್ಡವರಲ್ಲೂ ಕಡಿಮೆಯೇನಿಲ್ಲ. ಇವನ್ನು ಬಾಯಿ ತಿದ್ದುವುದಿಲ್ಲ, ಮಾತಿನಲ್ಲಿ ನಾವು ಯಾರೂ ಒತ್ತಿ ಹೇಳುವುದಿಲ್ಲವಲ್ಲ. ಅದಕ್ಕೆ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಅವನದೇ ಪಟ್ಟಿ ಇರಲಿ, ಪ್ರತಿ ಪ್ರಬಂಧದಿಂದ ಮೂರು ಪದ, ಹೆಚ್ಚಿಲ್ಲ. ಮುಂದಿನ ಬರಹ ಮುಗಿದ ಮೇಲೆ ಪಟ್ಟಿ ಹಿಡಿದು ಅವನೇ ಹುಡುಕಿಕೊಳ್ಳುತ್ತಾನೆ.

ಇಂಗ್ಲಿಷಿನಲ್ಲಿ ಸಲೀಸಾಗಿ ಬರೆಯುತ್ತಾಳೆ. ಕನ್ನಡದಲ್ಲಿ ಬರೆದರೆ ತಪ್ಪಿಲ್ಲ, ಆದರೂ ಅನುವಾದ ಓದಿದ ಹಾಗಿರುತ್ತದೆ.
– ತಾಯಿ, ವೈಟ್‌ಫೀಲ್ಡ್

ಮೂರು ಕಡೆ ಬೆರಳಿಟ್ಟು ನೋಡಿ. ಒಂದು, ‘ಮತ್ತು’. ‘ಅಂಗಡಿಗೆ ಹೋದೆ ಮತ್ತು ಹಾಲು ತಂದೆ ಮತ್ತು ಕಾಯಿಸಿದೆ’ ಬದಲು ‘ಅಂಗಡಿಗೆ ಹೋಗಿ ಹಾಲು ತಂದು ಕಾಯಿಸಿದೆ’. ಒಂದು ಪುಟದ ‘ಮತ್ತು’ಗಳನ್ನೆಲ್ಲ ಸುತ್ತು ಹಾಕಿ ಅರ್ಧ ತೆಗೆಸಿ.

ಎರಡು, ಬಾಲ ಬೆಳೆಯುವ ವಾಕ್ಯ. ‘ಅಲ್ಲೊಬ್ಬ ಅಜ್ಜ ಇದ್ದಾರೆ, ಅವರು ಚಪ್ಪಲಿ ಹೊಲಿಯುತ್ತಾರೆ, ಅವರ ಅಂಗಡಿ ಬಸ್ ಸ್ಟಾಪ್ ಪಕ್ಕ ಇದೆ’. ಕನ್ನಡ ವಿವರವನ್ನು ಹೆಸರಿಗಿಂತ ಮೊದಲು ಇಡುತ್ತದೆ: ‘ಬಸ್ ಸ್ಟಾಪ್ ಪಕ್ಕ ಚಪ್ಪಲಿ ಹೊಲಿಯುವ ಅಜ್ಜ’. ಮೂರು ವಾಕ್ಯ ಹೋಗಿ ಒಂದು ತುಂಡು ಆಯಿತು, ಅಜ್ಜ ಮುಂದೆ ಏನು ಮಾಡಿದರು ಎಂದು ಹೇಳಲು ಜಾಗ ಉಳಿಯಿತು.

ಮೂರನೆಯದು ಮುಖ್ಯ. ‘ರಸ್ತೆ ಅಗಲೀಕರಣಕ್ಕಾಗಿ ಮರಗಳು ಕಡಿಯಲ್ಪಟ್ಟವು.’ ಇದರಲ್ಲಿ ಮರ ತಾನೇ ಉರುಳಿಕೊಂಡ ಹಾಗಿದೆ. ‘ರಸ್ತೆ ಅಗಲ ಮಾಡಲು ಮರ ಕಡಿದರು’ ಎಂದೊಡನೆ ‘ಯಾರು?’ ಎಂಬ ಪ್ರಶ್ನೆ ಏಳುತ್ತದೆ, ಮುಂದಿನ ಪ್ಯಾರಾ ಅದಕ್ಕೆ ಉತ್ತರ. ‘ಅಲ್ಪಟ್ಟ’ಗಳನ್ನು ತೆಗೆಸಿದರೆ ಭಾಷೆಯ ಜೊತೆಗೆ ವಾದವೂ ಬಿಗಿಯಾಗುತ್ತದೆ.

ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತಿರುಗಿಸುವ ಅಭ್ಯಾಸ ಇದ್ದರೆ ಇಂದೇ ನಿಲ್ಲಿಸಿ. ಟಿಪ್ಪಣಿಯಿಂದಲೇ ಕನ್ನಡವಾಗಲಿ. ಪದ ಸಿಗದಿದ್ದರೆ ‘ಟ್ರಾಫಿಕ್’ ಎಂದೇ ಬರೆಯಲಿ, ‘ವಾಹನ ದಟ್ಟಣೆ’ಗೆ ಕಾಯುತ್ತಾ ವಾಕ್ಯ ಕಳೆದುಕೊಳ್ಳುವುದು ಬೇಡ.

ಮಗ ಮುಕ್ತ ಶಾಲೆ ಮೂಲಕ ಹತ್ತನೇ ತರಗತಿ ಕಟ್ಟುತ್ತಾನೆ. ಮನೆಯಲ್ಲಿ ನಿಧಾನವಾಗಿ ಚೆನ್ನಾಗಿ ಬರೆಯುತ್ತಾನೆ, ಗಡಿಯಾರ ಇಟ್ಟರೆ ಕೈ ಓಡುವುದಿಲ್ಲ.
– ತಂದೆ, ಯಲಹಂಕ

ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಓಎಸ್) ಹತ್ತನೇ ಹಂತಕ್ಕೆ 14 ವರ್ಷ ತುಂಬಿರಬೇಕು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರಿನಲ್ಲಿ. 20 ಶೇಕಡಾ ಅಂಕ ಮನೆಯಲ್ಲಿ ಬರೆದು ಒಪ್ಪಿಸುವ ಅಸೈನ್‌ಮೆಂಟಿಗೆ ಇದೆ, ನಿಧಾನವಾಗಿ ಬರೆಯುವವರು ಅದನ್ನು ಹಗುರವಾಗಿ ಕಾಣಬಾರದು.

ಕೈ ಓಡದಿರುವುದಕ್ಕೆ ಕಾರಣ ಕೈಯೋ ತಲೆಯೋ ಎಂದು ಮೊದಲು ಬೇರ್ಪಡಿಸಿ. ಅಚ್ಚಾದ ಒಂದು ಪುಟವನ್ನು 10 ನಿಮಿಷ ನೋಡಿ ಬರೆಯಲಿ, ಪದ ಎಣಿಸಿ. ಇನ್ನೊಂದು ದಿನ ಗೊತ್ತಿರುವ ವಿಷಯವನ್ನು 10 ನಿಮಿಷ ಸ್ವಂತವಾಗಿ ಬರೆಯಲಿ, ಎಣಿಸಿ. ಎರಡೂ ಕಡಿಮೆ ಇದ್ದರೆ ಕೈಗೆ ಅಭ್ಯಾಸ ಬೇಕು: ಟೈಪಿಂಗಿಗೆ ಒಗ್ಗಿದ ಬೆರಳಿಗೆ ಒತ್ತಕ್ಷರ ಭಾರ, ದಿನಕ್ಕೆ ಅರ್ಧ ಪುಟ ಎರಡು ತಿಂಗಳು ಬರೆಸಿ. ಎರಡನೆಯದು ಮಾತ್ರ ಕಡಿಮೆ ಇದ್ದರೆ ಅವನು ಯೋಜನೆಯಿಲ್ಲದೆ ಶುರು ಮಾಡುತ್ತಿದ್ದಾನೆ. ಅರ್ಧ ಗಂಟೆಯ ಪ್ರಬಂಧಕ್ಕೆ ಐದು ನಿಮಿಷ ಯೋಜನೆ, 20 ನಿಮಿಷ ಬರಹ, ಐದು ನಿಮಿಷ ಓದು. ಯೋಜನೆ ಎಂದರೆ ಆರು ಪದ, ಪ್ರತಿ ಪ್ಯಾರಾಕ್ಕೆ ಎರಡು.

ಪದಮಿತಿ ಕಂಡು ಹೆದರುವುದು ಬೇಡ, ಹಾಗೆಂದು ಇಂಗ್ಲಿಷಿನ ಅಳತೆ ಇಟ್ಟುಕೊಳ್ಳುವುದೂ ಬೇಡ. ‘ಬರೆಯಬೇಕೆಂದುಕೊಂಡಿದ್ದೆ’ ನಮ್ಮ ಲೆಕ್ಕದಲ್ಲಿ ಒಂದೇ ಪದ. 200 ಕನ್ನಡ ಪದದಲ್ಲಿ ಇಂಗ್ಲಿಷಿನ 200ಕ್ಕಿಂತ ಹೆಚ್ಚು ಸರಕು ಹಿಡಿಯುತ್ತದೆ.

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಭಾಗವನ್ನು ಪರೀಕ್ಷೆಯಲ್ಲಿ ಬಿಡಬೇಡಿ, ಪರೀಕ್ಷಕರು ಹುಡುಕುತ್ತಾರೆ. ಪೀಠಿಕೆಯನ್ನು ಸಂಗತಿಯಿಂದ ತುಂಬಿ. ನೀರಿನ ಮಿತಬಳಕೆ ಎಂಬ ವಿಷಯ ಬಂದರೆ ‘ನೀರು ಅಮೂಲ್ಯ’ ಎಂದು ಎಲ್ಲರೂ ಬರೆಯುತ್ತಾರೆ. ಬೆಂಗಳೂರಿನ ಹುಡುಗನಿಗೆ ಬೇರೆ ಗೊತ್ತಿರಬೇಕು: ನಲ್ಲಿಗೆ ಬರುವ ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಮಾಡಿ, ಸುಮಾರು 500 ಮೀಟರ್ ಮೇಲೆತ್ತಿ ತರುತ್ತಾರೆ. ನಲ್ಲಿ ತೆರೆದಿಟ್ಟು ಹಲ್ಲುಜ್ಜಿದರೆ ಕರೆಂಟೂ ಹರಿದು ಹೋಗುತ್ತದೆ ಎಂಬ ವಾದ ಆ ಒಂದು ವಾಕ್ಯದಲ್ಲೇ ಇದೆ.

ಬರೆದದ್ದನ್ನು ನಾನೊಬ್ಬಳೇ ಓದುವುದು. ತರಗತಿ ಇಲ್ಲದ ಮಕ್ಕಳಿಗೆ ಓದುಗರು ಎಲ್ಲಿಂದ?
– ತಾಯಿ, ಹೆಬ್ಬಾಳ

ಮೂರು ನಾಲ್ಕು ಮನೆಯವರು ಸೇರಿ ಹದಿನೈದು ದಿನಕ್ಕೊಮ್ಮೆ ಕೂರಿ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಒಂದು ಗಂಟೆ ಓದಿ, ಹೊರಗೆ ಮರದ ಕೆಳಗೆ ಒಬ್ಬೊಬ್ಬರದೂ ಗಟ್ಟಿಯಾಗಿ ಓದಿಸಿ. ಬರೆದವರು ವಿವರಣೆ ಕೊಡುವ ಹಾಗಿಲ್ಲ. ಕೇಳಿದವರು ತಮಗೆ ನೆನಪುಳಿದ ಒಂದು ಸಾಲನ್ನು ತಿರುಗಿ ಹೇಳಬೇಕು, ಒಂದು ಪ್ರಶ್ನೆ ಕೇಳಬೇಕು. ಯಾರಿಗೂ ಒಂದು ಸಾಲೂ ನೆನಪಾಗದಿದ್ದರೆ ಬೇರೆ ವಿಮರ್ಶೆ ಬೇಕಿಲ್ಲ. ದೊಡ್ಡವರು ಬಾಯಿ ಮುಚ್ಚಿಕೊಂಡಿರುವುದು ಕಷ್ಟದ ಭಾಗ.

ಪತ್ರಿಕೆಗಳ ಓದುಗರ ಪತ್ರದ ಅಂಕಣವೂ ಇದೆ. ಫುಟ್‌ಪಾತಿನ ಕಿತ್ತ ಕಲ್ಲಿನ ಬಗ್ಗೆ 150 ಪದ: ಎಲ್ಲಿ, ಎಂದಿನಿಂದ, ಯಾರಿಗೆ ತೊಂದರೆ, ಏನಾಗಬೇಕು. ಅಚ್ಚಾಗದಿದ್ದರೆ ಅದೇ ಪತ್ರವನ್ನು ವಾರ್ಡ್ ಕಚೇರಿಗೆ ಕೊಟ್ಟು ಬರಲಿ.

ಪ್ರಬಂಧವನ್ನು ಗಾದೆಯಿಂದ ಶುರು ಮಾಡಬಹುದೇ?
– ವಿದ್ಯಾರ್ಥಿನಿ, 15, ಮಲ್ಲೇಶ್ವರ

ಮಾಡಬಹುದು, ಆ ಗಾದೆಯ ಜೊತೆ ಜಗಳವಾಡುವ ಉದ್ದೇಶ ಇದ್ದರೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಬರೆದು, ಬೆಳಿಗ್ಗೆಯಿಂದ ಕೆಸರಿನಲ್ಲೇ ಇರುವ ಪೌರಕಾರ್ಮಿಕರ ಊಟದ ಡಬ್ಬಿಯಲ್ಲಿ ಏನಿದೆ ಎಂದು ಹೋಗಿ ಕೇಳಿ ಬಾ. ಒಪ್ಪಿಕೊಳ್ಳುವುದಕ್ಕಾದರೆ ಗಾದೆಯನ್ನು ಬಿಟ್ಟು ಎರಡನೇ ಸಾಲಿನಿಂದಲೇ ಶುರು ಮಾಡು.