‘ತೂತು’ ಎಂಬ ಪದವನ್ನು ಮೊದಲು ತೆಗೆಯಿರಿ

ಮಾನ್ಯರೆ,

ಬೀದರಿನಿಂದ ನೀವು ಕಳುಹಿಸಿದ ‘ಮೆದುಳಿಗೆ ತೂತು ಬಿದ್ದಾಗ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಮಾಸಿಕದಲ್ಲಿ ಪ್ರಕಟಿಸಲಾಗದು. ತಿದ್ದಿ ಕಳುಹಿಸಿದರೆ ಮತ್ತೆ ಓದುತ್ತೇನೆ.

ಕಲಬುರಗಿಯ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಕುಳಿತ ನಿಮ್ಮ ಸೋದರಮಾವ ಎಂಆರ್‌ಐ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ‘ಇವೇನು ಬಿಳಿ ಚುಕ್ಕಿ?’ ಎಂದು ಕೇಳುವ ಆರಂಭ ಸೊಗಸಾಗಿದೆ, ಅದನ್ನು ಮುಟ್ಟಬೇಡಿ. ಆದರೆ ಮರುಸಾಲಿನಲ್ಲೇ ಆ ಚುಕ್ಕಿಗಳನ್ನು ತೂತುಗಳೆಂದು ಕರೆದು ಓದುಗರನ್ನು ಸುಮ್ಮನೆ ಹೆದರಿಸಿದ್ದೀರಿ. ರಕ್ತನಾಳವು ಮೆದುಳಿನೊಳಗೆ ಇಳಿಯುವಾಗ ಅದರ ಸುತ್ತ ಉಳಿಯುವ, ದ್ರವ ತುಂಬಿದ ಸಂದುಗಳವು. 19ನೆಯ ಶತಮಾನದಲ್ಲಿ ಅವನ್ನು ವಿವರಿಸಿದ ವಿಜ್ಞಾನಿಗಳಾದ ವಿರ್ಚೋ ಮತ್ತು ರೋಬಿನ್ ಅವರ ಹೆಸರನ್ನು ಹೊತ್ತಿವೆ. ಆರೋಗ್ಯವಂತರಲ್ಲಿಯೂ ಇರುತ್ತವೆ, ವಯಸ್ಸಾದಂತೆ ಹೆಚ್ಚು ಕಾಣಿಸುತ್ತವೆ.

ನಿಜವಾದ ಕುಳಿ ಬೇರೆ. ಸಣ್ಣ ರಕ್ತನಾಳ ಕಟ್ಟಿಕೊಂಡು ಆ ಭಾಗ ಸತ್ತ ಮೇಲೆ ಉಳಿಯುವ ಕುಳಿಯ ಅಡ್ಡಳತೆ ಸಾಮಾನ್ಯವಾಗಿ 3ರಿಂದ 15 ಮಿಲಿಮೀಟರ್ ಇದ್ದರೆ, ಈ ಸಂದು ಹೆಚ್ಚಾಗಿ 3 ಮಿಲಿಮೀಟರಿಗಿಂತ ಕಿರಿದು. ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಎರಡೂ ಬೆಳ್ಳಗೆ ಕಾಣುತ್ತವೆ. ದ್ರವವನ್ನು ಕಪ್ಪಾಗಿಸಿ ತೋರಿಸುವ ಫ್ಲೇರ್ ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ಎರಡರ ದ್ರವವೂ ಕಪ್ಪಾದರೂ, ಕುಳಿಯ ಸುತ್ತ ಹಲವು ಸಲ ಬಿಳಿ ಅಂಚು ಉಳಿಯುತ್ತದೆ. ನಿಮ್ಮ ಲೇಖನದಲ್ಲಿ ಇರಲೇಬೇಕಾಗಿದ್ದ ಈ ವ್ಯತ್ಯಾಸವೇ ಇಲ್ಲ.

ಈ ಸಂದುಗಳಿಗೆ ನೀವು ಕೊಟ್ಟ, ಬೀದರಿನ ನೌಬಾದಿನ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗದ ಹೋಲಿಕೆಯನ್ನು ಓದಿ ಖುಷಿಯಾಯಿತು (ಬೀದರಿನವರಿಗಲ್ಲದೆ ಅದು ಯಾರಿಗೆ ಹೊಳೆದೀತು!), ಆದರೆ ಅದನ್ನು ಎಳೆದದ್ದು ಅತಿಯಾಯಿತು. ಕರೇಜಿನಲ್ಲಿ ನೀರು ಇಳಿಜಾರಿನಿಂದ ಹರಿಯುತ್ತದೆ. ಇಲ್ಲಿ ಸುರಂಗದ ನಡುವೆಯೇ ಮಿಡಿಯುವ ನಾಳವಿದೆ, ಆ ಮಿಡಿತವೇ ದ್ರವವನ್ನು ತಳ್ಳುತ್ತದೆ ಎಂಬುದು ಒಂದು ಮುಖ್ಯ ವಾದ. ಮೆದುಳಿನ ಕಸ ಈ ಹಾದಿಯಲ್ಲಿ ಹೊರಹೋಗುತ್ತದೆ ಎಂಬ ವಿಚಾರ 2012ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ಬಲ ಪಡೆಯಿತು, ಮನುಷ್ಯರ ವಿಷಯದಲ್ಲಿ ಚರ್ಚೆ ಮುಗಿದಿಲ್ಲ. ನೀವಾದರೋ ‘ಕಸ ಹರಿಯುವುದು ಮಾವನ ಸ್ಕ್ಯಾನಿನಲ್ಲೇ ಕಂಡಿತು’ ಎಂದು ಬರೆದಿದ್ದೀರಿ. ಸಾಮಾನ್ಯ ಎಂಆರ್‌ಐ ಸಂದಿನ ಅಗಲವನ್ನು ತೋರಿಸುತ್ತದೆ, ಹರಿವನ್ನಲ್ಲ.

‘ಇದು ಮರೆವಿನ ರೋಗದ ಗುರುತು’ ಎಂಬ ಸಾಲನ್ನೂ ಹೊಡೆದುಹಾಕಿದ್ದೇನೆ. ಮೆದುಳಿನ ಆಳದ ಬೂದು ಗಂಟುಗಳಲ್ಲಿ ಇಂತಹ ಸಂದುಗಳು ಬಹಳವಿದ್ದರೆ ವೈದ್ಯರ ಗಮನ ಬಿಪಿಯ ಕಡೆಗೆ ಹೋಗುತ್ತದೆ. ಮೇಲ್ಭಾಗದ ಬಿಳಿ ಪದರದಲ್ಲಿದ್ದರೆ ನಾಳದ ಗೋಡೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಕೂಡುವ ಕಾಯಿಲೆಯ ಕಡೆಗೆ. ಎರಡೂ ನಂಟುಗಳಷ್ಟೆ, ತೀರ್ಪಲ್ಲ.

ಅಕ್ರೋಟು ತಿನ್ನಿರೆಂಬ ಕೊನೆಯ ಪುಟ ಬೇಡ. ಬದಲಿಗೆ ಮಾವನವರ ರಿಪೋರ್ಟನ್ನು ಮತ್ತೊಮ್ಮೆ ತೆಗೆದು ನೋಡಿ: ಚುಕ್ಕಿಗಳು ಯಾವ ಭಾಗದಲ್ಲಿದ್ದವು, ಅವರ ಬಿಪಿ ಎಷ್ಟಿತ್ತು ಎಂಬ ಎರಡೂ ಸಂಗತಿ ನಿಮ್ಮ ಲೇಖನದಲ್ಲಿ ಎಲ್ಲಿಯೂ ಬಂದಿಲ್ಲ.

ಸಂಪಾದಕ