ಒಂದೇ ರೂಮಿನ ಲೈಬ್ರರಿ, ಬೇಸಿಗೆ ರಜೆಗೆ ಮಕ್ಕಳಿಗೆ ಏನು ಮಾಡ್ಬಹುದು, ಯಾವ ಪುಸ್ತಕ ಕೊಡ್ಬೇಕು?

ನಿಮ್ಮ ಪ್ರಶ್ನೆ ಓದಿದೆ. ಒಂದೇ ರೂಮು, ಸಾವಿರದೊಳಗೆ ಪುಸ್ತಕ, ಇಬ್ಬರೇ ವಾಲಂಟಿಯರ್ಸು, ರಜೆಗೆ ಇನ್ನು ಮೂರು ವಾರ ಇದೆ, ಏನು ಪ್ರೋಗ್ರಾಂ ಇಡೋದು, ಯಾವ್ಯಾವ ವಯಸ್ಸಿಗೆ ಯಾವ ಥರದ ಪುಸ್ತಕ ಹೇಳೋದು ಅಂತ ಕೇಳಿದೀರ. ನಾನು ಹೆಚ್ಚುಕಮ್ಮಿ ಇಷ್ಟೇ ದೊಡ್ಡ ಲೈಬ್ರರಿಯಲ್ಲಿ ಒಂಬತ್ತು ಬೇಸಿಗೆ ಕಳೆದಿದೀನಿ, ಆ ಅನುಭವದ ಮೇಲೆ ಹೇಳ್ತೀನಿ, ಸ್ವಲ್ಪ ಉದ್ದ ಆಗಬಹುದು.

ಪ್ರೋಗ್ರಾಂ ಲಿಸ್ಟ್ ಬರೆಯೋಕೆ ಕೂತ್ರೆ ಡ್ರಾಯಿಂಗು, ಕ್ರಾಫ್ಟು, ಕ್ವಿಜ್ಜು, ಮ್ಯಾಜಿಕ್ ಶೋ ಅಂತ ಬೆಳೀತಾನೇ ಹೋಗತ್ತೆ. ಒಂದೂ ಕೆಟ್ಟದ್ದಲ್ಲ. ಆದ್ರೆ ಒಂದೊಂದನ್ನೂ ಬರೆದಾಗ ಇದೊಂದು ಕೇಳ್ಕೊಳ್ಳಿ, ಇದು ಮುಗಿದ ಮೇಲೆ ಮಗು ಬಾಗಿಲು ದಾಟುವಾಗ ಅದರ ಕೈಯಲ್ಲಿ ಅದೇ ಆರಿಸ್ಕೊಂಡ ಪುಸ್ತಕ ಇರತ್ತಾ? ಇರಲ್ಲ ಅನ್ಸಿದ್ರೆ ಅದನ್ನ ಬೇರೆಯವರು ಮಾಡ್ಲಿ ಬಿಡಿ, ಇಬ್ಬರೇ ಇರೋ ಕಡೆ ಇರೋ ಶಕ್ತಿಯನ್ನೆಲ್ಲಾ ಪುಸ್ತಕದ ಕಡೆಗೇ ಹಾಕ್ಬೇಕು.

ಇದನ್ನ ಪರೀಕ್ಷೆ ಮಾಡಿ ನೋಡಿದವರೂ ಇದಾರೆ. ಬಾರ್ಬರಾ ಹೇನ್ಸ್ ಅನ್ನೋ ಸಮಾಜಶಾಸ್ತ್ರಜ್ಞೆ ಅಮೆರಿಕದ ಅಟ್ಲಾಂಟಾದ ಶಾಲೆ ಮಕ್ಕಳ ಮೇಲೆ ಮಾಡಿದ ಅಧ್ಯಯನ 1978ರಲ್ಲಿ ಬಂತು, ರಜೆಯಲ್ಲಿ ಆರು ಅಥವಾ ಅದಕ್ಕಿಂತ ಜಾಸ್ತಿ ಪುಸ್ತಕ ಓದಿದ ಮಕ್ಕಳು ಓದದೇ ಇದ್ದವರಿಗಿಂತ ಮುಂದೆ ಹೋಗಿದ್ರು ಅಂತ ಅದರಲ್ಲಿ ಕಂಡುಬಂತು. ಆಮೇಲೆ 2010ರಲ್ಲಿ ರಿಚರ್ಡ್ ಅಲಿಂಗ್ಟನ್ ಮತ್ತೆ ಆನ್ ಮೆಕ್‌ಗಿಲ್ ಫ್ರಾಂಜನ್ ತಂಡದವರು ಇನ್ನೊಂದು ಪ್ರಕಟಿಸಿದ್ರು, ಬಡ ಕುಟುಂಬದ ಮಕ್ಕಳಿಗೆ ಸತತ ಮೂರು ಬೇಸಿಗೆ, ಪ್ರತಿ ಸಲ 12 ಪುಸ್ತಕ ಕೊಟ್ಟು ಕಳಿಸಿದ್ರು, ಅಷ್ಟೇ, ಪಾಠ ಇಲ್ಲ ಏನಿಲ್ಲ. ಆ ಮಕ್ಕಳ ಓದು ಪುಸ್ತಕ ಸಿಗದ ಮಕ್ಕಳಿಗಿಂತ ಚೆನ್ನಾಗಿತ್ತು. ನಂಗೆ ಅದರಲ್ಲಿ ತುಂಬಾ ಮುಖ್ಯ ಅನ್ಸೋದು ಏನಂದ್ರೆ ಆ ಪುಸ್ತಕಗಳನ್ನ ಮಕ್ಕಳೇ ಆರಿಸ್ಕೊಂಡಿದ್ರು, ದೊಡ್ಡವರು ಆರಿಸಿ ಕೊಟ್ಟಿರ್ಲಿಲ್ಲ.

ಬಹುಮಾನದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಎಲ್ಲರಿಗೂ ಮೊದಲು ಹೊಳೆಯೋದೇ ಅದು. ನಾವೂ ಮೂರನೇ ವರ್ಷ "ಜಾಸ್ತಿ ಪುಸ್ತಕ ಓದಿದವರಿಗೆ ಬಹುಮಾನ" ಅಂತ ಗೋಡೆ ಮೇಲೆ ಚಾರ್ಟ್ ಹಾಕಿ, ಹೆಸರಿನ ಮುಂದೆ ಸ್ಟಾರ್ ಅಂಟಿಸೋಕೆ ಶುರು ಮಾಡಿದ್ವಿ. ಮೊದಲ ವಾರ ಭಾರಿ ಉತ್ಸಾಹ. ಎರಡನೇ ವಾರಕ್ಕೆ ತೆಳು ಪುಸ್ತಕಗಳ ಕಪಾಟು ಖಾಲಿ ಆಗೋಯ್ತು. ಹನ್ನೊಂದು ವರ್ಷದ ಒಬ್ಬಳು ಹುಡುಗಿ ಇನ್ನೂರು ಪುಟದ ಕಾದಂಬರಿ ತಗೊಂಡು ಹೋಗಿದ್ಲು, ನಾಲ್ಕು ದಿನಕ್ಕೆ ವಾಪಸ್ ತಂದು ಮೇಜಿನ ಮೇಲಿಟ್ಟು ಹದಿನಾರು ಪುಟದ ಐದು ಪುಸ್ತಕ ತಗೊಂಡು ಹೋದ್ಲು. ಸಂಜೆ ಅದನ್ನ ಕಪಾಟಿಗೆ ಸೇರಿಸೋಕೆ ಅಂತ ಎತ್ಕೊಂಡ್ರೆ ಎಂಬತ್ತನೇ ಪುಟದ ಹತ್ರ ನೋಟ್‌ಬುಕ್ಕಿನಿಂದ ಹರಿದ ಗೆರೆ ಹಾಳೆ ತುಂಡು ಹಾಗೇ ಸಿಕ್ಕೊಂಡಿತ್ತು. ಅವಳು ಅಲ್ಲಿಗೆ ನಿಲ್ಲಿಸಿದ್ದು ಕಥೆ ಬೇಜಾರಾಗಿ ಅಲ್ಲ, ನಮ್ಮ ಚಾರ್ಟ್‌ನಿಂದ. ಮಾರನೇ ದಿನ ಚಾರ್ಟ್ ತೆಗೆದ್ವಿ, ಆ ಪುಸ್ತಕನ ಹಾಳೆ ತುಂಡು ಸಮೇತ ಅವಳಿಗೇ ಎತ್ತಿಟ್ಟಿದ್ವಿ, ಪುಣ್ಯಕ್ಕೆ ಅವಳು ಬಂದು ತಗೊಂಡ್ಲು, ಓದಿ ಮುಗಿಸಿದ್ಲು. ಹಾಗಾಗಿ ಎಣಿಸಲೇಬೇಕು ಅಂದ್ರೆ ಓದಿದ ದಿನ ಎಣಿಸಿ, ದಿನಕ್ಕೆ ಇಪ್ಪತ್ತು ನಿಮಿಷ ಓದಿದ್ರೆ ಕಾರ್ಡಿನಲ್ಲಿ ಒಂದು ಚೌಕಕ್ಕೆ ಬಣ್ಣ ತುಂಬೋದು, ಅದೂ ಗೋಡೆ ಮೇಲೆ ಬೇಡ, ಅವರವರ ಕಾರ್ಡು ಅವರವರ ಹತ್ರ ಇರ್ಲಿ. ಇನ್ನೂ ಓದೋಕೆ ಬರದ ಚಿಕ್ಕವರಿಗೆ ಯಾರಾದ್ರೂ ಓದಿ ಹೇಳಿದ್ರೂ ಬಣ್ಣ ತುಂಬಬಹುದು.

ಹಾಗಾದ್ರೆ ಏನಿಡೋದು? ವಾರಕ್ಕೆ ಎರಡು ದಿನ, ಪ್ರತಿ ವಾರ ಅದೇ ದಿನಗಳು, ಅದೇ ಟೈಮು, ಗಟ್ಟಿಯಾಗಿ ಕಥೆ ಓದೋದು. ಇಷ್ಟೊಂದನ್ನ ತಪ್ಪಿಸದೇ ಮಾಡಿದ್ರೆ ಮುಕ್ಕಾಲು ಕೆಲಸ ಆಯ್ತು ಅಂತ ನಾನು ನಂಬ್ತೀನಿ. ಆರರಿಂದ ಒಂಬತ್ತರ ಮಕ್ಕಳಿಗೆ ಹದಿನೈದು ಇಪ್ಪತ್ತು ನಿಮಿಷ ಸಾಕು, ಅದಕ್ಕಿಂತ ಚಿಕ್ಕವರಿಗೆ ಹತ್ತು ನಿಮಿಷ. ಒಂದು ದಿನ ಬರದೇ ಇದ್ದ ಮಗುವಿಗೆ ಮಾರನೇ ಸಲ ಅರ್ಥ ಆಗಲ್ಲ ಅನ್ನೋ ಥರ ಧಾರಾವಾಹಿ ಮಾಡ್ಬೇಡಿ, ರಜೆಯಲ್ಲಿ ಅರ್ಧ ಮಕ್ಕಳು ಊರಿಗೆ ಹೋಗಿ ಬರ್ತಿರ್ತಾರೆ, ಪ್ರತಿ ದಿನದ್ದು ಆ ದಿನಕ್ಕೇ ಮುಗೀಬೇಕು. ಓದೋ ಪುಸ್ತಕನ ಹಿಂದಿನ ದಿನ ಮನೆಯಲ್ಲಿ ಒಂದ್ಸಲ ಜೋರಾಗಿ ಓದಿ ನೋಡ್ಕೊಳ್ಳಿ, ಎಲ್ಲಿ ನಿಲ್ಲಿಸ್ಬೇಕು, ಎಲ್ಲಿ ದನಿ ಇಳಿಸ್ಬೇಕು ಅಂತ ಆಗಲೇ ಗೊತ್ತಾಗೋದು. ಪುಟ ತಿರುಗಿಸೋ ಮುಂಚೆ "ಈಗ ಏನಾಗಬಹುದು?" ಅಂತ ಕೇಳಿ, ಹೇಳೋಕೆ ಬಿಡಿ, ಮಗು ಹೇಳಿದ್ದಕ್ಕೆ ಒಂದು ಮಾತು ಸೇರಿಸಿ ಮುಂದೆ ಹೋಗಿ. ಸರಿ ತಪ್ಪು ಅಂತ ಹೇಳ್ಬೇಡಿ, ಕೊನೆಗೆ "ಇದರ ನೀತಿ ಏನು" ಅಂತಂತೂ ಕೇಳಲೇಬೇಡಿ, ಆ ಪ್ರಶ್ನೆ ಕೇಳಿದ ತಕ್ಷಣ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕ್ಲಾಸಲ್ಲಿ ಕೂತಂಗೆ ಕೂರ್ತಾರೆ, ನಾನೇ ನೋಡಿದೀನಿ.

ಕಥೆ ಮುಗಿದ ಮೇಲಿನ ಅರ್ಧ ಗಂಟೆ ಖಾಲಿ ಬಿಡಿ. ಓದಿದ ಪುಸ್ತಕದ ಜೊತೆ ಅದೇ ಥರದ್ದು ಏಳೆಂಟು ಚಾಪೆ ಮೇಲೆ ಮುಖಪುಟ ಕಾಣೋ ಹಾಗೆ ಹರಡಿ ಸುಮ್ನೆ ಕೂತ್ಕೊಳ್ಳಿ. ಕಪಾಟಿನಲ್ಲಿ ಬೆನ್ನು ಮಾತ್ರ ಕಾಣೋ ಪುಸ್ತಕನ ಮಕ್ಕಳು ಎಳೆಯೋದೇ ಕಮ್ಮಿ, ಅದೇ ಪುಸ್ತಕನ ಮುಖ ತಿರುಗಿಸಿ ಇಟ್ರೆ ಅವತ್ತೇ ಹೋಗತ್ತೆ. ಒಂದು ರೂಮಿನ ಲೈಬ್ರರಿಯಲ್ಲಿ ಕಾಸು ಖರ್ಚಿಲ್ಲದೆ ಮಾಡಬಹುದಾದ ದೊಡ್ಡ ಬದಲಾವಣೆ ಇದೇ.

ಎರಡನೇದು ನಂಬರ್ ಹುಡುಕಾಟ. ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರ್ ಕೊಟ್ಟು ಜೋಡಿಸೋ ಡ್ಯೂಯಿ ದಶಮಾಂಶ ಪದ್ಧತಿ 1876ರಿಂದ ಇದೆ, ನಿಮ್ಮ ಪುಸ್ತಕಗಳಿಗೆ ನಂಬರ್ ಅಂಟಿಸಿಲ್ಲ ಅಂದ್ರೆ ಈ ಮೂರು ವಾರದಲ್ಲಿ ಮಕ್ಕಳ ಕಪಾಟಿಗಾದ್ರೂ ಅಂಟಿಸಿ. ಹಕ್ಕಿ 598, ಜಾನಪದ ಕಥೆ 398.2, ಆಟೋಟ 796. ಚೀಟಿಯಲ್ಲಿ ನಂಬರ್ ಬರೆದು ಕೊಟ್ಟು ಹುಡುಕಿ ತನ್ನಿ ಅಂದ್ರೆ ಆಟ ಆಯ್ತು. ಎಂಟು ವರ್ಷದ ಒಬ್ಬ ಹುಡುಗನಿಗೆ ಹಾವು 597.96 ಅಂತ ಒಂದ್ಸಲ ಗೊತ್ತಾಗಿದ್ದೇ ಸರಿ, ಆಮೇಲೆ ಅವನು ನಮ್ಮನ್ನ ಏನೂ ಕೇಳ್ತಿರ್ಲಿಲ್ಲ, ಚಪ್ಪಲಿ ಬಿಟ್ಟು ನೇರ ಆ ಕಪಾಟಿಗೆ. ಇದ್ದಿದ್ದು ಒಂದೇ ಹಾವಿನ ಪುಸ್ತಕ, ಅದನ್ನೇ ಆರು ಸಲ ತಗೊಂಡು ಹೋದ. ಅವನ ಅಮ್ಮ "ಬೇರೆ ಏನಾದ್ರೂ ಕೊಡಿ" ಅಂತ ಹೇಳಿದ್ರು, ಇರ್ಲಿ ಬಿಡಿ ಅಂದ್ವಿ. ಆರನೇ ಸಲಕ್ಕೆ ಅವನು ಕಥೆ ದಿನ ಎದ್ದು ನಿಂತು, ಹಾವು ಪೊರೆ ಬಿಡುವಾಗ ಕಣ್ಣಿನ ಮೇಲಿನ ಪೊರೆನೂ ಬಿಡತ್ತೆ, ಅದಕ್ಕೆ ರೆಪ್ಪೆ ಇಲ್ಲ ಅಂತ ಎಲ್ಲರಿಗೂ ವಿವರಿಸಿದ. ಒಂದೇ ಪುಸ್ತಕನ ಮತ್ತೆ ಮತ್ತೆ ಓದೋ ಮಗುನ ಯಾವತ್ತೂ ತಡೀಬೇಡಿ.

ಹದಿಮೂರು ದಾಟಿದವರು ಕಥೆ ಕೇಳೋಕೆ ಬರಲ್ಲ, ಆದ್ರೆ ಚಿಕ್ಕವರಿಗೆ ಓದಿ ಹೇಳೋಕೆ ಕರೆದ್ರೆ ಬರ್ತಾರೆ. ಪುಸ್ತಕ ಕೊಡೋ ರಿಜಿಸ್ಟರ್ ಅವರ ಕೈಗೆ ಕೊಡಿ, ನಿಮ್ಮಿಬ್ಬರ ಕೈ ಬಿಡುವಾಗತ್ತೆ.

ನಿಯಮಗಳನ್ನೂ ಬೇಸಿಗೆಗೆ ಅಂತ ಸಡಿಲ ಮಾಡಿ. ಒಂದು ಸಲಕ್ಕೆ ಒಂದೇ ಪುಸ್ತಕ ಅಂತಿದ್ರೆ ನಾಲ್ಕು ಮಾಡಿ, ಮಗು ತಪ್ಪಾಗಿ ಆರಿಸಿದ್ರೂ ಇನ್ನು ಮೂರು ಇರತ್ತೆ. ದಂಡ ತೆಗೆದುಬಿಡಿ. ಶಿಕಾಗೋದ ಸಾರ್ವಜನಿಕ ಲೈಬ್ರರಿ 2019ರಲ್ಲಿ ತಡವಾದ ಪುಸ್ತಕಕ್ಕೆ ದಂಡ ಹಾಕೋದು ನಿಲ್ಲಿಸ್ದಾಗ ಮನೆಗಳಲ್ಲಿ ಉಳ್ಕೊಂಡಿದ್ದ ಪುಸ್ತಕಗಳು ವಾಪಸ್ ಬರೋದೇ ಜಾಸ್ತಿ ಆಯ್ತು, ಅಷ್ಟು ದೊಡ್ಡ ಊರಲ್ಲೇ ಹಾಗಾದ್ರೆ ಮುಖ ನೋಡಿದ್ರೆ ಗುರುತು ಸಿಗೋ ನಿಮ್ಮ ಕಡೆ ಭಯ ಯಾಕೆ. ಹರಿದ ಪುಸ್ತಕ ತಂದ ಮಗುನ ಬೈಬೇಡಿ, ಜೊತೆಗೆ ಕೂರಿಸ್ಕೊಂಡು ಅಂಟಿಸಿ.

ಈಗ ಪುಸ್ತಕದ ಮಾತು. ಹೆಸರಿನ ಪಟ್ಟಿ ಕೊಡಲ್ಲ, ನಿಮ್ಮ ಕಪಾಟಲ್ಲಿ ಏನಿದೆಯೋ ಅದರಿಂದಲೇ ಶುರು ಮಾಡ್ಬೇಕು. ಮೂರರಿಂದ ಐದರವರೆಗೆ ಮಾತೇ ಇಲ್ಲದ ಚಿತ್ರಪುಸ್ತಕ ಮತ್ತೆ ಪ್ರಾಸ ಇರೋ ಪದ್ಯ. ಮಾತಿಲ್ಲದ ಪುಸ್ತಕದ ಇನ್ನೊಂದು ಅನುಕೂಲ, ಓದೋಕೆ ಬರದ ಅಪ್ಪ ಅಮ್ಮ ಅಜ್ಜಿನೂ ಅದನ್ನ ಮಗುವಿನ ಜೊತೆ ಕೂತು ಹೇಳಬಹುದು, ಸಂಕೋಚ ಇರಲ್ಲ. ಆರು ಏಳಕ್ಕೆ ಪುಟಕ್ಕೆ ಎರಡು ಮೂರು ಸಾಲು, ದೊಡ್ಡ ಅಕ್ಷರ, ಒತ್ತಕ್ಷರ ಕಮ್ಮಿ ಇರೋದು. ಎಂಟರಿಂದ ಹತ್ತು ಅನ್ನೋದು ಸರಣಿ ಪುಸ್ತಕದ ವಯಸ್ಸು, ಅದೇ ಪಾತ್ರ ಮತ್ತೆ ಮತ್ತೆ ಬರೋದ್ರಿಂದ ಎರಡನೇ ಪುಸ್ತಕ ಹಿಡಿಯೋ ಹೊತ್ತಿಗೆ ಅರ್ಧ ದಾರಿ ಗೊತ್ತಿರತ್ತೆ. ಕಾಮಿಕ್ಸ್ ಕೂಡಾ ಓದೇ, ಅದನ್ನ ಬೇರೆ ಕಪಾಟಿಗೆ ತಳ್ಳಿ ಕೀಳು ಮಾಡ್ಬೇಡಿ. ಹನ್ನೊಂದರ ಮೇಲೆ ಪತ್ತೇದಾರಿ, ಸಾಹಸ, ಜೀವನಚರಿತ್ರೆ, ಮತ್ತೆ ಯಂತ್ರ ಆಕಾಶ ಕೀಟ ಇಂಥವುಗಳ ಮಾಹಿತಿ ಪುಸ್ತಕ. ಕಥೆ ಇಷ್ಟವಿಲ್ಲ ಅನ್ನೋ ಎಷ್ಟೋ ಮಕ್ಕಳು ಮಾಹಿತಿ ಪುಸ್ತಕ ಕೊಟ್ರೆ ಬಿಡೋದೇ ಇಲ್ಲ, ಅವರನ್ನ "ಓದಲ್ಲ" ಅಂತ ಬರೆದು ಹಾಕಿರ್ತೀವಿ ನಾವು.

ಕಷ್ಟವಾ ಸುಲಭವಾ ಅಂತ ಮಗುವೇ ನೋಡ್ಕೊಳ್ಳೋಕೆ ಐದು ಬೆರಳಿನ ಉಪಾಯ ಹೇಳಿಕೊಡಿ. ಯಾವುದಾದ್ರೂ ಒಂದು ಪುಟ ತೆಗೆದು ಓದೋದು, ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಮಡಚೋದು, ಪುಟ ಮುಗಿಯೋದ್ರೊಳಗೆ ಐದೂ ಮಡಚಿದ್ರೆ ಅದು ಒಬ್ಬರೇ ಓದೋಕೆ ಸ್ವಲ್ಪ ಕಷ್ಟ, ಯಾರ ಜೊತೆಗಾದ್ರೂ ಓದೋಕೆ ಅಡ್ಡಿಯಿಲ್ಲ. ಹಟ ಮಾಡಿ ಅದೇ ಬೇಕು ಅಂದ್ರೆ ಕೊಟ್ಟುಬಿಡಿ. ಪುಸ್ತಕ ಸಾಲದಿದ್ರೆ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ಓದುವ ಹಂತದ ಪ್ರಕಾರ ಸಿಗತ್ತೆ, ಮುಕ್ತ ಲೈಸೆನ್ಸ್ ಇರೋದ್ರಿಂದ ಪ್ರಿಂಟ್ ತೆಗೆದು ಹೊಲಿದು ಇಡಬಹುದು.

ಕೊನೇದು, ಬಾಗಿಲ ಹತ್ರ ದಾರ ಕಟ್ಟಿದ ಪೆನ್ನು, ಒಂದು ನೋಟ್‌ಬುಕ್ ಇಡಿ, "ಕೇಳಿದೆ, ಸಿಗಲಿಲ್ಲ" ಅಂತ ಮೇಲೆ ಬರೀರಿ. ಪ್ರತಿ ಓದುಗನಿಗೂ ಅವನ ಪುಸ್ತಕ ಅಂತ ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಸೂತ್ರ ಬರೆದಿಟ್ಟಿದಾರೆ, ಯಾರ ಪುಸ್ತಕ ಯಾವುದು ಅಂತ ನಮಗೆ ಗೊತ್ತಾಗಿದ್ದು ಈ ನೋಟ್‌ಬುಕ್ಕಿನಿಂದ. ಮುಂದಿನ ಸಲ ಪುಸ್ತಕ ಕೊಳ್ಳುವಾಗ ದಾನಿಗಳಿಗೆ, ಕಮಿಟಿಗೆ ಅದನ್ನೇ ತೆಗೆದು ತೋರಿಸಿ. ನಮ್ಮದರಲ್ಲಿ ಆ ವರ್ಷ ಪೆನ್ಸಿಲ್‌ನಲ್ಲಿ ಸೊಟ್ಟ ಅಕ್ಷರದಲ್ಲಿ "ಹಾವು, ಇದಲ್ಲ, ಬೇರೆ" ಅಂತ ಇತ್ತು. ಮೂರು ತರಿಸಿದ್ವಿ.