ಮ್ಯಾಂಚೆಸ್ಟರ್ ಬೇಡ, ಕೆಜಿಎಫ್ ನೋಡಿ

ತುಮಕೂರಿನ ಓದುಗರೊಬ್ಬರು ಕೇಳಿದ್ದಾರೆ: "ಮಗಳ ಪಾಠದಲ್ಲಿ ಕೈಗಾರಿಕಾ ಕ್ರಾಂತಿ ಅಂದರೆ ಬರೀ ಮ್ಯಾಂಚೆಸ್ಟರ್. ಯಂತ್ರ ಬಂದ ಮೇಲೆ ನಮ್ಮ ಜನರ ಬದುಕು ಏನಾಯಿತು? ಜಾತಿ ಹೋಗಿ ವರ್ಗ ಬಂತು ಅಂತಾರೆ, ನಿಜವಾ?"

ನಮಸ್ಕಾರ. ಮಗಳನ್ನು ಒಂದು ಸಲ ಕೋಲಾರ ಜಿಲ್ಲೆಯ ಚಿನ್ನದ ಗಣಿ ಊರಾದ ಕೆಜಿಎಫ್‌ಗೆ ಕರೆದುಕೊಂಡು ಹೋಗಿ.

1880ರಲ್ಲಿ ಬ್ರಿಟಿಷರ ಜಾನ್ ಟೇಲರ್ ಗಣಿ ಕಂಪನಿ ಅಲ್ಲಿಗೆ ಕಾಲಿಟ್ಟಿತು. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಜನ ಗುಳೆ ಬಂದರು. ಅವರಲ್ಲಿ ಜಾಸ್ತಿ ಜನ ದಲಿತರು, ಯಾರದೋ ಹೊಲದಲ್ಲಿ ದುಡಿದವರು. ಹೊಲದಲ್ಲಿ ಮಳೆ, ಸುಗ್ಗಿಯ ಲೆಕ್ಕ. ಇಲ್ಲಿ ಶಿಫ್ಟ್ ಲೆಕ್ಕ. ಕೇಜ್, ಅಂದರೆ ಗಣಿಯ ಲಿಫ್ಟು, ಹತ್ತಿ ಕೆಳಗಿಳಿಯಬೇಕು. ಅಗೆಯುತ್ತಾ ಅಗೆಯುತ್ತಾ ಗಣಿ 3 ಕಿಲೋಮೀಟರ್ ದಾಟಿತು. ಅಷ್ಟು ಆಳದಲ್ಲಿ ಬಂಡೆಯೇ ಬಿಸಿ. ಒಮ್ಮೊಮ್ಮೆ ಅದು ಸಿಡಿಯುತ್ತಿತ್ತು. ಕಲ್ಲಿನ ದೂಳು ಎದೆಯಲ್ಲಿ ಕೂತು ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ತರುತ್ತಿತ್ತು. ಇಷ್ಟೆಲ್ಲ ಆಗಿ ಮೇಲೆ ಬಂದವನನ್ನು, ಚಿನ್ನ ಕದ್ದಿದ್ದಾನೇನೋ ಅಂತ ಮೈ ತಡವಿ ನೋಡುತ್ತಿದ್ದರು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

1902ರಲ್ಲಿ ಶಿವನಸಮುದ್ರದ ಕರೆಂಟು ಕೆಜಿಎಫ್‌ಗೆ ಬಂತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ! ಆದರೆ ಆ ಕರೆಂಟು ತಂದಿದ್ದು ಗಣಿಯ ಯಂತ್ರಗಳಿಗೆ, ಗುಡಿಸಲಿಗಲ್ಲ.

ಇನ್ನು ಜಾತಿಯ ವಿಷಯ. ಬಿಳಿಯ ಅಧಿಕಾರಿಗಳಿಗೆ ತೋಟದ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೂಲಿಯವರಿಗೆ 'ಲೈನು', ಸಾಲಾಗಿ ತಟ್ಟಿ ಗುಡಿಸಲು. ಊರಲ್ಲಿ ಕೇರಿ ಹೊರಗಿತ್ತು, ಇಲ್ಲಿ ಲೈನು ದೂರ ಇತ್ತು. ಹಾಗಾಗಿ ಜಾತಿ ಹೋಯಿತು ಅಂತ ಹೇಳಲಾರೆ. ಆದರೆ ಕೈಗೆ ಸಂಬಳ ಬಂತು. ಊರಿನ ಧಣಿಯ ಮುಂದೆ ತಲೆ ತಗ್ಗಿಸಿ ನಿಲ್ಲೋದು ತಪ್ಪಿತು. ತಮಿಳು ದಲಿತ ಚಿಂತಕ ಅಯೋತಿ ದಾಸರ ಬೌದ್ಧ ಚಳವಳಿ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಬೇರು ಬಿಟ್ಟಿತು. ಆಮೇಲೆ ಯೂನಿಯನ್‌ಗಳು ಬಂದವು, ಮುಷ್ಕರಗಳಾದವು. ಧಣಿಯ ಹೊಲದಲ್ಲಿ ಮುಷ್ಕರ ಮಾಡೋಕೆ ಆಗುತ್ತಿತ್ತಾ, ಹೇಳಿ? ನನ್ನ ಪ್ರಕಾರ ದೊಡ್ಡ ಬದಲಾವಣೆ ಇದೇ. ಮಗಳಿಗೂ ಇದನ್ನೇ ಮೊದಲು ಹೇಳಿ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ತೆಗೆದ ಮೇಲೆ ಸುರಿದ ಕಲ್ಲುಪುಡಿಯ ಸೈನೈಡ್ ದಿಬ್ಬಗಳು ಉಳಿದವು, ಗಾಳಿ ಬಂದರೆ ದೂಳು ಮನೆಯೊಳಗೇ. ಊರಿನ ಜನ ಈಗ ಕೆಲಸಕ್ಕೆ ಬೆಂಗಳೂರಿಗೆ ಓಡಾಡುತ್ತಾರೆ. ನೀವು ಹೋಗುವಾಗ ಬೆಳಿಗ್ಗೆ ಬೇಗ ಬಂಗಾರಪೇಟೆಯಲ್ಲಿ ಇಳಿಯಿರಿ. ಮಾರಿಕುಪ್ಪಂನಿಂದ ಬರುವ ರೈಲು ನೋಡಿ. ಬಾಗಿಲವರೆಗೂ ಜನ ನಿಂತಿರುತ್ತಾರೆ, ಊಟದ ಡಬ್ಬಿ ಎದೆಗೆ ಒತ್ತಿ ಹಿಡಿದು.

— ಸಂಪಾದಕ